ಹೊಟ್ಟಿ ಇಲೆಕ್ಷನ್

ನಿನ್ನೆ ಸಂಜಿಂದ ಸಾಲಿ ನಮ್ಮದಲ್ಲ.
ಕೆಂಪು ಎಸ್ಟಿ ಬಸ್ಸಿನಿಂದ ಆರು ಮಂದಿ ಇಳಿದರು,
ಪೆಟ್ಟಿಗಿ ಎದಿಗವಚಿಕೊಂಡು, ಕೂಸಿನ್ಹಾಂಗ.
ಖಿಚಡಿ ಮಾಡು ಅಂದರು. ಖಾರ ಕಮ್ಮಿ ಅಂದರು.

ಪ್ರತಿ ಸಲ ಒಂದೇ ಮಿಶಿನ್ ಬರ್ತಿತ್ತಲ್ಲ, ಈ ಸಲ ಎರಡ್ಯಾಕ್ರೀ?
ಘೋಡಕೆ ಸಾಹೇಬ ಬಾರ್ಶಿಯವ, ಬೂಟು ಬಿಚ್ಚುತ್ತ ಹೇಳಿದ:
ಗುಲಾಬಿ ಚೀಟಿದು ಮುಂಬೈಗೆ, ಆಮದಾರಂದು.
ಬಿಳಿ ಚೀಟಿದು ದಿಲ್ಲಿಗೆ. ಖಾಸದಾರ ತೀರಿಕೊಂಡಾರಲ್ಲ,
ಅವರ ಜಾಗಾಕ್ಕ. ಪೋಟ್ ನಿವಡಣೂಕ.

ಪೋಟ್ ಅಂದರ ಹೊಟ್ಟಿ. ನನಗಷ್ಟು ಮರಾಠಿ ಬರ್ತದ.
ಇಪ್ಪತ್ತೆರಡು ವರ್ಷ ಹೊಟ್ಟಿ ಲೆಕ್ಕ ಹಿಡದಾಕಿ ನಾನು.
ಪಟದಾಗ ನಲವತ್ತೊಂದು, ಹಾಜರಿ ಮೂವತ್ತ್ನಾಕು,
ಒಂದು ಹೊಟ್ಟಿಗೆ ನೂರು ಗ್ರಾಂ ಅಕ್ಕಿ.
ಹೊಟ್ಟಿಗೂ ಇಲೆಕ್ಷನ್ ಬಂತೇನಪಾ ಅಂತ ನಕ್ಕೆ.
ಸಾಹೇಬಗ ತಿಳೀಲಿಲ್ಲ. ಬಾಗಲದಾಗ ನಿಂತ ಪೊಲೀಸ ನಕ್ಕ,
ಅಂವ ನಮ್ಮ ದುಧನಿ ಕಡೆಯಂವ.

ಎಷ್ಟು ದಿನಕ್ಕ ಆರಿಸೂದ್ರೀ?
ಸತ್ತವರದು ಎಷ್ಟು ಉಳಿದದ ಅಷ್ಟಕ್ಕ,
ಎರಡು ವರ್ಷ ಏಳು ತಿಂಗಳು.
ಆರು ತಿಂಗಳದಾಗ ತುಂಬಬೇಕು ಬಾಯಿ, ಕಾಯದೆ ಅದ,
ಜಾಗಾ ಖಾಲಿ ಇಡಾಂಗಿಲ್ಲ.

ಹೇಳಕೋತ ಅಂವ ಮಿಶಿನ್ ಇಟ್ಟ ಟೇಬಲ್
ಸಾತಲಿಂಗಪ್ಪ ಮಾಸ್ತರದು.
ಒಂದು ಕಾಲು ಗಿಡ್ಡ. ಕೆಳಗ ಅವರೇ ಮಡಚಿ ಇಟ್ಟ ರಟ್ಟು
ಇನ್ನೂ ಅಲ್ಲೇ ಅದ.
ಅವರದೂ ಉಳಿದಿತ್ತು: ರಿಟೈರಿಗೆ ಒಂಬತ್ತು ವರ್ಷ,
ನಾಕನೇತ್ತಕ್ಕ ಭಾಗಾಕಾರ ಅರ್ಧ,
ಒಂದನೇತ್ತಕ್ಕ ಕಾಗುಣಿತ ಅಷ್ಟೂ.
ಬೋರಿ ಹೊಳಿಗೆ ಮೂರು ಸಲ ನೀರು ಬಂದು ಹೋತು.
ಯಾರೂ ಪೆಟ್ಟಿಗಿ ತರಲಿಲ್ಲ.

ವಾರಕ್ಕ ಎರಡು ದಿನ ಒಬ್ಬಾಕಿ ಬರ್ತಾಳ, ಬದಲಿ ಅಂತ.
ಛಲೋ ಹುಡುಗಿ, ಲಾತೂರಾಕಿ.
ಕ ಬರದು ತಲಿ ಮ್ಯಾಲ ಉದ್ದಕ ಗೀಟು ಎಳೀತಾಳ,
ತಲಕಟ್ಟು ಅಕಿಗೆ ಗೊತ್ತಿಲ್ಲ.
ಉಳಿದ ದಿನ ಹುಡುಗರು ಒಲಿ ಮುಂದ ಕುಂಡರ್ತಾವ,
ಭೌರವ್ವ ನೀನೇ ಹೇಳು ಅಂತಾವ.
ಕ, ಕಾ, ಕಿ, ಕೀ. ಸೌಟು ಆಡಿಸಕೋತ ಹೇಳ್ತೀನಿ.
ಮುಂದ ನನಗ ಬರಾಂಗಿಲ್ಲ.

ಇವತ್ತು ಏಳಕ್ಕೇ ಪಾಳಿ.
ಶಿದ್ದವ್ವಾಯಿ ಕೋಲು ಊರಿ ಕೇಳಿದಳು:
ಬಿಳೇದು ಸತ್ತವಂದಾದರ ಹೆಂಗ ಒತ್ತಲಿ, ಬಲಗೈಲೋ ಎಡಗೈಲೋ?
ಮಶಾಕ ಮುಲ್ಲಾ ಹಿಂದಿಂದ ಅಂದ:
ಅವರ ಹೊಟ್ಟೀಲೆ ಹುಟ್ಟಿದವನೇ ನಿಂತಾನ ಆಯಿ,
ಅದಕ್ಕೇ ಇದು ಹೊಟ್ಟಿ ಇಲೆಕ್ಷನ್.
ಪಾಳಿ ಅಷ್ಟೂ ನಕ್ಕಿತು, ಪೊಲೀಸ ಸುಮ್ಮನಿರ್ರಿ ಅಂದ.

ಹನ್ನೊಂದರ ಸುಮಾರ ಇಂದುಮತಿ ಬಂದಳು,
ಮಾಸ್ತರ ಹೊಟ್ಟೀಲೆ ಹುಟ್ಟಿದಾಕಿ.
ಡಿ.ಎಡ್. ಆಗ್ಯದ, ಅಕ್ಕಲಕೋಟಿ ಸೀರಿ ಅಂಗಡ್ಯಾಗ ಬಿಲ್ ಬರೀತಾಳ.
ಬೆರಳಿಗೆ ಶಾಯಿ ಹಚ್ಚಿಸಿಕೊಂಡು
ಟೇಬಲ್ ಮೂಲಿ ಮುಟ್ಟಿ ನಿಂತಳು.
ಪುಢೇ ಚಲಾ, ಅಂದರು. ಹೋದಳು.
ಎರಡು ಸಲ ಉದ್ದಕ ಕೂಗಿತು ಮಿಶಿನ್.

ಹೊರಗ ಬಂದು ನೀರು ಕೇಳಿದಳು.
ಡ್ರಾದಾಗ ಅಪ್ಪನ ಸೀಮೆಸುಣ್ಣ ಅವ ಏನ ಭೌರವ್ವ?
ಅವ, ಏಳು ತುಂಡು, ಎಣಿಸೀನಿ.
ತೆಗದು ಕೊಡಬೇಕಂದರ ಮಿಶಿನ್ ವೈರು ಡ್ರಾಕ್ಕ ಅಡ್ಡ ಹಾದಿತ್ತು.
ಇರಲಿ ಬಿಡು, ಅಂದಳು.
ಬಸ್ಸು ಹಾರ್ನು ಹೊಡೀತು, ಓಡಿದಳು.

ಸಂಜಿಗೆ ಅರಗು ಕಾಸಿ ಸೀಲು ಒತ್ತಿದರು.
ಸಾಲಿ ತುಂಬ ಸುಟ್ಟ ವಾಸನಿ.
ಸಾಹೇಬ ಎರಡು ಸಲ ನೀಡಿಸಿಕೊಂಡ, ಛಾನ್ ಅಂದ,
ಪೆಟ್ಟಿಗಿ ಎಣಿಸಿ ಬಸ್ಸು ಹತ್ತಿದ.

ಕಸ ಹೊಡದೆ. ಗ್ವಾಡಿಗೆ ಹಚ್ಚಿದ ಬಾಣದ ಚೀಟಿ ಕಿತ್ತೆ.
ಟೇಬಲ್ ಜಾಗಾಕ್ಕ ಸರಿಸಿದೆ, ರಟ್ಟು ಸಹಿತ.
ನಾಳೆ ಮೂವತ್ತ್ನಾಕು. ಹೆಸರುಕಾಳು ನೆನಿ ಹಾಕೀನಿ.
ಕೈ ತೊಳಿಯುವಾಗ ಬೆರಳಿನ ಕರೀ ಗೀಟು ನೋಡಿ ನೆನಪಾತು:
ಕೀ ಆದ ಮ್ಯಾಲ ಏನು ಬರ್ತದ ಅಂತ
ಇಂದುಮತಿಗೆ ಕೇಳಬೇಕಾಗಿತ್ತು,
ಮರತೆ.